ಫ್ಲೂರಿನನ ವಾಲೆಟ್

ಕಾಫಿ ಯಂತ್ರದ ಮುಂದೆ ನಿಂತಿದ್ದ ಕಾಸ್ಪರನಿಗೆ ಯಾರೋ ತನ್ನ ಬೆನ್ನನ್ನು ಓದುತ್ತಿದ್ದಾರೆ ಅನ್ನಿಸಿತು. ಯಂತ್ರ ಬೀಜ ಅರೆಯುವ ಸದ್ದು ಮುಗಿಯುವ ತನಕ ತಿರುಗದಿರಲು ಒಂದು ನೆಪವಿತ್ತು. ಅವನು ಆ ನೆಪವನ್ನು ಪೂರ್ತಿ ಬಳಸಿಕೊಂಡ. ಕಿಟಕಿಯಾಚೆ ಸರೋವರವಿರಬೇಕಾದ ಕಡೆ ಮಂಜು ಸುಣ್ಣ ಬಳಿದ ಗೋಡೆಯ ಹಾಗೆ ನಿಂತಿತ್ತು. ನವೆಂಬರ್ ಹಿಡಿದ ಮೇಲೆ ತ್ಸೂಗ್‌ನವರು ತಮ್ಮೂರಿಗೊಂದು ಸರೋವರವಿದೆ ಎಂಬುದನ್ನು ನೆನಪಿನ ಬಲದ ಮೇಲೆಯೇ ನಂಬಿಕೊಂಡಿರಬೇಕು. ಲೋಟ ತುಂಬಿತು. ಸದ್ದು ನಿಂತಿತು. ತಿರುಗಲೇಬೇಕಾಯಿತು. ಬಾಗಿಲಿಗೆ ಒರಗಿಕೊಂಡು ಸಾಂಡ್ರೋ ನಿಂತಿದ್ದ. ಕೈಯಲ್ಲಿ ಅರ್ಧ ತಿಂದ ಬನ್ನು, ಗಡ್ಡದಲ್ಲಿ ಅದರ ಪುಡಿ. ಬೆಟ್ಟದ ಸುರಂಗದಾಚೆಯ ದಕ್ಷಿಣದ ಸೀಮೆ ಟಿಚೀನೋ ಕಡೆಯವನು. ಅವನ ನಗು ಯಾವ ಕೋಣೆಗಾದರೂ ಅವನಿಗಿಂತ ಒಂದು ಹೆಜ್ಜೆ ಮುಂಚೆ ಬರುತ್ತಿತ್ತು.

"ನೀನು ಇಷ್ಟು ದೊಡ್ಡ ಧರ್ಮಾತ್ಮ ಅಂತ ಯಾಕೆ ಹೇಳ್ಲೇ ಇಲ್ಲ ಮಾರಾಯ?"

"ಯಾಕೆ, ಏನಾಯ್ತು?"

"ಏನಾಯ್ತಾ! ಮೊನ್ನೆ ಊಟಕ್ಕೆ ನಾನು ದುಡ್ಡು ಕೊಟ್ಟಿದ್ನಲ್ಲ, ನಿನ್ನ ಪಾಲು ನೀನು ಫೋನಿಂದ ಕಳಿಸಿದೆ. ಅವಸರದಲ್ಲಿ ನಿನ್ನ ಸಂಬಳ ಬೀಳೋ ಹಳೇ ವಾಲೆಟ್ಟಿಂದಲೇ ಕಳಿಸಿದ್ದೀಯ. ವಾಲೆಟ್ಟಿನ ವಿಳಾಸ ಕೈಗೆ ಸಿಕ್ಕಿದ ಮೇಲೆ ಸುಮ್ನೆ ಇರೋಕಾಗುತ್ತಾ? ನೋಡ್ದೆ. ಪ್ರತಿ ತಿಂಗಳ ಮೊದಲ್ನೇ ದಿನ, ತಪ್ಪದ ಹಾಗೆ, ಒಂದೇ ಕಡೆಗೆ ದುಡ್ಡು ಹೋಗ್ತಿದೆ. ಅದು ಶುರುವಾದ ಮೇಲೆ ಆ ಕಡೆಯಿಂದ ಒಂದು ಕಾಸೂ ಹೊರಗೆ ಬಂದಿಲ್ಲ. ಯಾರಪ್ಪ ಅದು, ಬಾಯಿಲ್ಲದ ದೇವರಾ?"

ಕಾಸ್ಪರನ ಕಿವಿ ಬಿಸಿಯಾಯಿತು. ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಟವೆಲು ಜಾರಿದಾಗ ಆಗುವಂಥ, ಯಾರೂ ತಪ್ಪು ಮಾಡಿರದ, ಯಾರನ್ನೂ ಬೈಯಲಾಗದ ನಾಚಿಕೆ ಅದು. ಈ ಕ್ರಿಪ್ಟೋ ನಾಣ್ಯಗಳ ಲೆಕ್ಕವೆಲ್ಲ ಜಗಲಿಯ ಮೇಲೆ ಹರಡಿಟ್ಟ ಹಾಗೆ ಇರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು, ಹೆಸರೊಂದು ಮಾತ್ರ ಇರುವುದಿಲ್ಲ, ಹೆಸರು ಒಮ್ಮೆ ಗೊತ್ತಾಯಿತೋ ಆಮೇಲೆ ಮುಚ್ಚಲು ಅಂಗೈಯಗಲದ ಬಟ್ಟೆಯೂ ಉಳಿಯುವುದಿಲ್ಲ ಎನ್ನುವುದು ವಾಲೆಟ್ ಆ್ಯಪ್ ಮಾಡುವ ಆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸಬರಿಗೆ ಮೊದಲ ದಿನ ಇದನ್ನು ಹೇಳಿಕೊಡುತ್ತಿದ್ದವನೇ ಕಾಸ್ಪರ್. ಹೇಳಿಕೊಡುವಾಗಲೆಲ್ಲ ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆಯವರು. ತನ್ನನ್ನು ಯಾರು ನೋಡುತ್ತಾರೆ? ನೋಡುವಂಥದ್ದು ಏನಿದೆ? ಒಂಟಿಯಾಗಿರುವವನಿಗೆ ತಾನು ಅದೃಶ್ಯ ಎಂಬ ಭ್ರಮೆ ಬಹಳ ಬೇಗ ಅಂಟಿಕೊಳ್ಳುತ್ತದೆ.

"ಇವತ್ತಿನ ಮೀಟಿಂಗಲ್ಲಿ ಇದನ್ನೇ ತೋರಿಸ್ತೀನಿ," ಸಾಂಡ್ರೋ ಪುಡಿ ಒರೆಸಿಕೊಂಡ. "ಹೆಸರು ಹಾಕಲ್ಲ. ಒಂದು ಊಟದ ಲೆಕ್ಕದಿಂದ ಒಬ್ಬನ ಬಗ್ಗೆ ಏನೆಲ್ಲ ಗೊತ್ತಾಗುತ್ತೆ ನೋಡಿ ಅಂತ. ಬೇಜಾರಿಲ್ಲ ತಾನೇ?"

ಬೇಡ ಎನ್ನಬೇಕಿತ್ತು. ಆದರೆ ಈ ಕಚೇರಿಯಲ್ಲಿ ಇಷ್ಟು ವರ್ಷ, ಎಲ್ಲ ತೆರೆದೇ ಇರಬೇಕು, ಬಚ್ಚಿಡುವುದಕ್ಕೆ ಏನೂ ಇಲ್ಲದವನಿಗೆ ಬಾಗಿಲು ಯಾಕೆ ಎಂದು ಮೇಜು ಕುಟ್ಟಿ ವಾದಿಸಿದವನು ಅವನೇ. ಗೋಡೆಯ ಮೇಲೆ ಯಾರೋ ತಮಾಷೆಗೆ ಅಂಟಿಸಿದ ಆ ಮಾತು, ಅವನ ಹೆಸರಿನ ಸಮೇತ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಇನ್ನೂ ಇತ್ತು.

"ಅಯ್ಯೋ, ಅದರಲ್ಲೇನಿದೆ," ಅಂದ ಕಾಸ್ಪರ್. "ತೋರಿಸು."

ಮೇಜಿಗೆ ಬಂದು ಕೂತ. ಕಾಫಿ ಕುಡಿಯಲಾಗಲಿಲ್ಲ. ಆ ಮಾತಾದರೂ ತನ್ನದೇ? ಅಲ್ಲ. ಅದು ಫ್ಲೂರಿನನದು. ಜ್ಯೂರಿಕ್‌ನಲ್ಲಿ ಓದುವಾಗ ನೆಲಮಾಳಿಗೆಯ ಕೋಣೆಯೊಂದರಲ್ಲಿ, ತೊಳೆಯದ ಬಾಣಲೆಯಿಂದಲೇ ಚೀಸು ಹಾಕಿದ ಮ್ಯಾಕರೋನಿ ತಿನ್ನುತ್ತ, ಫ್ಲೂರಿನ್ ಫೋರ್ಕು ಎತ್ತಿ ಹೇಳಿದ್ದು. ಗಾಜಿನ ಊರು ಕಟ್ಟೋಣ ಕಣೋ. ನಮ್ಮ ಅಪ್ಪಂದಿರ ಬ್ಯಾಂಕುಗಳ ಹಾಗಲ್ಲ, ಯಾವ ಸರ್ವಾಧಿಕಾರಿಯ ದುಡ್ಡು ಯಾವ ಗುಂಡಿಯಲ್ಲಿದೆ ಎಂದು ಯಾರೂ ಕೇಳದ ಹಾಗಲ್ಲ. ಎಲ್ಲರ ಜೇಬೂ ಎಲ್ಲರಿಗೂ ಕಾಣಬೇಕು, ಆಗ ಯಾರಿಗೂ ನಾಚಿಕೆಯೇ ಉಳಿಯುವುದಿಲ್ಲ. ಅವನ ಗದ್ದದ ಮೇಲೆ ಚೀಸಿನ ಎಳೆ ತೂಗುತ್ತಿತ್ತು. ಅವತ್ತೇ ಇಬ್ಬರೂ ಒಂದೊಂದು ವಾಲೆಟ್ ತೆರೆದು, ಒಬ್ಬರ ವಿಳಾಸ ಇನ್ನೊಬ್ಬರ ಫೋನಿನಲ್ಲಿ ಹೆಸರು ಹಾಕಿ ಬರೆದಿಟ್ಟುಕೊಂಡರು. ಆಮೇಲೆ ಕಾಸ್ಪರ್ ತ್ಸೂಗ್‌ಗೆ ಬಂದು ಸಂಬಳದ ಕೆಲಸ ಹಿಡಿದ. ಫ್ಲೂರಿನ್ ಗೋಲ್ಡಾವ್‌ನಲ್ಲಿ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಉಳಿದು ಅದೂ ಇದೂ ಬರೆದ, ಬಿಟ್ಟ, ಮತ್ತೆ ಬರೆದ. ನಡುವೆ ಇದ್ದದ್ದು ರೈಲಿನಲ್ಲಿ ಒಂದು ಪತ್ರಿಕೆ ಓದಿ ಮುಗಿಯದಷ್ಟು ದೂರ. ಅಷ್ಟು ಹತ್ತಿರವಿದ್ದರೆ ಹೋಗುವುದು ಯಾವಾಗಲೂ ಬರುವ ವಾರಕ್ಕೆ.

ಹಾಗಿರುವಾಗ ಒಂದು ಮಧ್ಯಾಹ್ನ ಫ್ಲೂರಿನ್ ಫೋನ್ ಮಾಡಿದ್ದ. ಯಾರ ಜೊತೆಯೋ ಮಾತಿನಲ್ಲಿದ್ದ ಕಾಸ್ಪರ್ ಎತ್ತಲಿಲ್ಲ. ಮಾತು ಮುಗಿದ ಮೇಲೆ ವಾಪಸು ಫೋನ್ ಮಾಡಬೇಕೆಂದು ಕೈಗೆತ್ತಿಕೊಂಡವನು, ಫ್ಲೂರಿನನ ಜೊತೆ ಮಾತೆಂದರೆ ಒಂದು ಗಂಟೆ ಎಂದು ಲೆಕ್ಕ ಹಾಕಿ, ಅವನ ವಾಲೆಟ್ ತೆರೆದು ನೋಡಿದ. ತುಂಬಿಯೇ ಇತ್ತು. ಹಿಂದಿನ ದಿನ ಏನೋ ಕೊಂಡುಕೊಂಡಿದ್ದ ಗುರುತೂ ಇತ್ತು. ಸರಿ, ಚೆನ್ನಾಗಿದ್ದಾನೆ, ಅಂದುಕೊಂಡ. ಗೆಳೆಯನ ಮುಖ ನೋಡುವ ಬದಲು ಜೇಬು ನೋಡಿ ಆರೋಗ್ಯ ತಿಳಿದುಕೊಂಡ. ಮಾರನೆಯ ದಿನ ರೋಸ್‌ಬರ್ಗ್ ಬೆಟ್ಟದ ಕೆಳಗೆ ಫ್ಲೂರಿನ್ ಹೆಣವಾಗಿ ಸಿಕ್ಕ. ಮಂಜಿನಲ್ಲಿ ಕಾಲು ಜಾರಿತು ಎಂದರು. ಮಂಜಿದ್ದದ್ದು ನಿಜ. ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಹೋಗಿದ್ದನಂತೆ. ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹೂಳುವ ದಿನ ಕಾಸ್ಪರ್ ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತಿದ್ದು, ಅಕ್ಕ ಮಡ್ಲೈನಾಳ ಕೈ ಕುಲುಕುವ ಸರದಿ ಹತ್ತಿರ ಬರುತ್ತಿದ್ದಂತೆ ರೈಲಿನ ಹೊತ್ತಾಯಿತೆಂದು ತನಗೆ ತಾನೇ ಹೇಳಿಕೊಂಡು ಹೊರಬಿದ್ದ. ಅದರ ಮುಂದಿನ ತಿಂಗಳ ಮೊದಲ ದಿನ ಸಂಬಳ ಬಂದಾಗ ಏನು ಮಾಡುತ್ತಿದ್ದೇನೆಂದು ಸರಿಯಾಗಿ ತಿಳಿಯುವ ಮೊದಲೇ ಫ್ಲೂರಿನನ ವಾಲೆಟ್‌ಗೆ ಸ್ವಲ್ಪ ಕಳಿಸಿದ. ವಾಲೆಟ್ ತೆರೆಯುವ ಗುಟ್ಟಿನ ಪದಗಳು ತನ್ನ ತಲೆಯಲ್ಲಿ ಮಾತ್ರ ಇವೆ ಎಂದು ಫ್ಲೂರಿನ್ ಯಾವಾಗಲೂ ಜಂಬ ಪಡುತ್ತಿದ್ದ. ಆ ತಲೆ ಹೋದ ಮೇಲೆ ಅಲ್ಲಿಗೆ ಹೋದದ್ದು ಇನ್ನು ಯಾರಿಗೂ ಸಿಗುವಂತಿರಲಿಲ್ಲ. ಸಿಗುವುದಿಲ್ಲ ಎಂಬುದೇ ಸಮಾಧಾನವಾಗಿತ್ತು. ಮುಚ್ಚಿದ ಬಾಗಿಲನ್ನು ತಟ್ಟುವುದು ಎಷ್ಟು ಸುಲಭ! ತೆರೆಯುವವರಿಲ್ಲ ಎಂದು ಖಾತ್ರಿಯಿದ್ದರೆ ಎಷ್ಟು ಸಲ ಬೇಕಾದರೂ ತಟ್ಟಬಹುದು. ಒಂದು ತಿಂಗಳು ನಿಲ್ಲಿಸೋಣ ಅಂದುಕೊಂಡಾಗಲೆಲ್ಲ ಅವನನ್ನು ಇನ್ನೊಮ್ಮೆ ಹೂಳಿದ ಹಾಗಾಗುತ್ತದೆ ಅನ್ನಿಸಿ, ಕಳಿಸಿ, ಕಳಿಸಿದ ಮೇಲೆ ಹೊಟ್ಟೆತುಂಬ ಊಟ ಮಾಡಿ ಮಲಗುತ್ತಿದ್ದ. ಹೀಗೆ ಎಷ್ಟೋ ಚಳಿಗಾಲ ಕಳೆದಿತ್ತು.

ಮೀಟಿಂಗಿನ ಕೋಣೆಯ ಗೋಡೆಗಳು ಗಾಜಿನವು. ಮೇಜಿನ ತುದಿಯಲ್ಲಿ ರೆಗುಲಾ ಕೂತಿದ್ದಳು. ಕಂಪನಿ ಕಟ್ಟಿದವಳು, ಭಾನುವಾರಗಳಲ್ಲಿ ಬಂಡೆ ಹತ್ತುವವಳು, ಮಾತೂ ಹಾಗೆಯೇ, ಎಲ್ಲಿ ಕೈ ಇಡಬೇಕೆಂದು ನೋಡಿಯೇ ಇಡುವಂಥದು. ವಿಷಯ ಎಲ್ಲರಿಗೂ ಗೊತ್ತಿತ್ತು. ಹೊಸ ಆ್ಯಪ್‌ನಲ್ಲಿ ಜನ ಉದ್ದನೆಯ ವಿಳಾಸದ ಬದಲು ಹೆಸರು ಹೇಳಿಯೇ ಹಣ ಕಳಿಸಬಹುದು. ಹೆಸರು ಬಂತೆಂದರೆ ಅದರ ಹಿಂದಿರುವ ವಾಲೆಟ್‌ನ ಬ್ಯಾಲೆನ್ಸು, ಅದರ ಜಮಾಖರ್ಚು ಎಲ್ಲ ಊರಿಗೆ ಕಾಣಬೇಕೋ, ಮುಚ್ಚಿರಬೇಕೋ? ಇವತ್ತು ತೀರ್ಮಾನ.

"ಕಾಣ್ಬೇಕು," ಅಂದಳು ರೆಗುಲಾ. "ನಮ್ಮ ಆ್ಯಪ್ ಬಳಸೋರಲ್ಲಿ ಅರ್ಧ ಸಂಘಗಳು, ಚರ್ಚುಗಳು, ಟ್ರಸ್ಟುಗಳು. ದುಡ್ಡು ಎಲ್ಲಿ ಹೋಯ್ತು ಅಂತ ಸದಸ್ಯರಿಗೆ ಗೊತ್ತಾಗ್ಬೇಕಲ್ಲ? ಕತ್ತಲಲ್ಲಿ ಅಣಬೆ ಬೆಳೆಯುತ್ತೆ, ಜೊತೆಗೆ ಕಳ್ಳತನಾನೂ."

"ನಿಮ್ಮಜ್ಜ ಬ್ಯಾಂಕಲ್ಲಿ ಗುಟ್ಟಿನ ಖಾತೆ ಕಾಯ್ತಿದ್ರು ಅಲ್ವಾ ರೆಗುಲಾ?" ಸಾಂಡ್ರೋ ಎದ್ದು ನಿಂತ. "ಈ ಮಾತು ಕೇಳಿ ಗೋರಿಯೊಳಗೆ ಮಗ್ಗುಲು ಬದಲಾಯಿಸಿರ್ತಾರೆ ಪಾಪ." ಎಲ್ಲರೂ ನಕ್ಕರು. ರೆಗುಲಾಳೂ ನಕ್ಕಳು. "ಸಂಘದ ಮಾತು ಬೇರೆ, ಮನುಷ್ಯರ ಮಾತು ಬೇರೆ. ಒಬ್ಬ ಮನುಷ್ಯನ್ನ ತೋರಿಸ್ತೀನಿ, ನೋಡಿ."

ದೊಡ್ಡ ಪರದೆಯ ಮೇಲೆ ಕಾಸ್ಪರನ ವಾಲೆಟ್ ತೆರೆದುಕೊಂಡಿತು. ತನ್ನ ಎಕ್ಸ್‌ರೇಯನ್ನು ದೀಪದ ಹಲಗೆಗೆ ಸಿಕ್ಕಿಸಿ ಡಾಕ್ಟರು ವಿದ್ಯಾರ್ಥಿಗಳಿಗೆ ವಿವರಿಸುವುದನ್ನು ಕೇಳುವ ರೋಗಿಯ ಹಾಗೆ ಅವನು ಕೂತ. ಇದು ಈತನ ಸಂಬಳ ಬರುವ ದಿನ. ಇದು ಈತ ಕೊಳ್ಳುವ ಒಬ್ಬರ ಅಳತೆಯ ಊಟ, ವಾರವೆಲ್ಲ ಅದೇ ಅಂಗಡಿಯಿಂದ. ಬೇಸಿಗೆ ರಜೆಯಲ್ಲಿ ಎಲ್ಲಿಗೂ ಹೋಗಿಲ್ಲ. ಕ್ರಿಸ್‌ಮಸ್‌ಗೆ ಯಾರಿಗೂ ಏನೂ ಕಳಿಸಿಲ್ಲ, ಯಾರಿಂದಲೂ ಏನೂ ಬಂದಿಲ್ಲ. ಸಾಂಡ್ರೋ ಹೇಳುತ್ತ ಹೋದಂತೆ ನಗು ಕಡಿಮೆಯಾಗುತ್ತ ಬಂತು; ಅದು ಕಾಸ್ಪರನಿಗೆ ನಗುವಿಗಿಂತ ಹೆಚ್ಚು ಉರಿಯಿತು. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರಿಗೂ ಗೊತ್ತಾಗಿದೆ ಎಂಬುದು ಅದರಿಂದಲೇ ಗೊತ್ತಾಯಿತು. ಮೇಜಿನ ಮೇಲೆ ಯಾರೋ ತಂದಿಟ್ಟಿದ್ದ, ಚೆರ್ರಿ ಮದ್ಯ ಹಾಕಿದ ಕಿರ್ಶ್ ಕೇಕಿನ ತಟ್ಟೆಯಿತ್ತು. ತನ್ನ ಚೂರಿನಲ್ಲಿ ಒಂದು ತುತ್ತು ಕತ್ತರಿಸಿ ಬಾಯಿಗಿಟ್ಟುಕೊಂಡ. ಅಗಿಯುವವನ ಮುಖ ಯಾವ ಭಾವವನ್ನೂ ತೋರಿಸಬೇಕಾಗಿಲ್ಲ.

"ಈಗ ಇದು," ಸಾಂಡ್ರೋ ಬೆರಳು ಒತ್ತಿದ. ಫ್ಲೂರಿನನ ವಾಲೆಟ್ ಬಂತು. "ನಮ್ಮ ಈ ಮನುಷ್ಯ ಪ್ರತಿ ತಿಂಗಳು ಇಲ್ಲಿಗೆ ಕಳಿಸ್ತಾನೆ. ಯಾರಿಗೆ?"

"ಬಿಟ್ಟ ಹೆಂಡ್ತಿಗೆ," ಯಾರೋ ಅಂದರು.

"ಹೆಂಡ್ತಿ ಆಗಿದ್ರೆ ಇಷ್ಟು ಹೊತ್ತಿಗೆ ಖರ್ಚು ಮಾಡಿರ್ತಿದ್ಲು."

"ಯಾರೋ ಹೆದರಿಸಿ ವಸೂಲು ಮಾಡ್ತಿರ್ಬೇಕು."

"ಅದೇ ನೋಡಿ! ಒಂದು ಸಲ ಕಂಡ್ರೆ ಸಾಕು, ಮಿಕ್ಕಿದ್ದು ನಾವೇ ಕಟ್ಕೋತೀವಿ. ನಾನೂ ಬಿಡ್ಲಿಲ್ಲ. ನಿನ್ನೆ ಸುಮ್ನೆ ಅಲ್ಲಿಗೆ ಒಂದು ಚೂರು ಕಳಿಸಿ, ಅದರ ಜೊತೆ ಒಂದು ಸಾಲು ಬರ್ದೆ. 'ಹಲೋ, ಒಳಗೆ ಯಾರಾದ್ರೂ ಇದ್ದೀರಾ?' ಅಂತ. ಉತ್ತರ ಇಲ್ಲ."

ಕಾಸ್ಪರನ ಬಾಯಿಯಲ್ಲಿ ಕೇಕು ನಿಂತುಹೋಯಿತು. ಗೋರಿಯ ಕಲ್ಲಿನ ಮೇಲೆ ಯಾರೋ ದಾರಿಹೋಕ ತನ್ನ ಹೆಸರು ಗೀಚಿ ಹೋದ ಹಾಗೆ. ಏಳಬೇಕು, ಏನಾದರೂ ಹೇಳಬೇಕು ಎಂದು ಅವನು ಕುರ್ಚಿಯ ಕೈ ಹಿಡಿಯುವಷ್ಟರಲ್ಲಿ ಪರದೆಯ ಮೇಲಿನ ಪಟ್ಟಿ ಒಂದು ಸಾಲು ಕೆಳಗೆ ಸರಿಯಿತು. ಮೇಲೆ ಹೊಸ ಸಾಲು ಬಂದು ಕೂತಿತ್ತು. ಇಷ್ಟು ವರ್ಷ ಒಳಗೆ ಮಾತ್ರ ಹೋಗುತ್ತಿದ್ದ ಆ ವಾಲೆಟ್‌ನಿಂದ ಫ್ಲೂರಿನ್ ಸತ್ತ ಮೇಲೆ ಮೊದಲ ಸಲ ದುಡ್ಡು ಹೊರಗೆ ಹೋಗಿತ್ತು. ಎಷ್ಟೆಂದು ಯಾರೂ ಕೂಡಿಸಿ ನೋಡಬೇಕಾಗಿರಲಿಲ್ಲ. ಕಾಸ್ಪರನಿಗೆ ನೋಡಿದ ಕೂಡಲೇ ತಿಳಿಯಿತು. ಅವನು ಮೊದಲಿನಿಂದ ಕಳಿಸಿದ್ದೆಲ್ಲ, ಅಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅವನ ಪ್ಯಾಂಟಿನ ಜೇಬಿನಲ್ಲಿ ಫೋನು ಗುಂಯ್ ಎಂದು ನಡುಗಿತು. ಆ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು.

"ಕಾಸ್ಪರ್..." ಸಾಂಡ್ರೋನ ಮುಖದಿಂದ ನಗು ಇಳಿದ ರೀತಿ ನೋಡಲಾಗುತ್ತಿರಲಿಲ್ಲ. "ನಾನು... ಅದು ಯಾರು?"

"ಸತ್ತುಹೋದವನು," ಅಂದ ಕಾಸ್ಪರ್. ಬಾಯಲ್ಲಿ ಕೇಕಿದ್ದುದರಿಂದ ಮಾತು ತೊದಲಿತು. ಅದೊಂದು ಅವಮಾನ ಬೇರೆ. ಕೋಟು ಎತ್ತಿಕೊಂಡು ಗಾಜಿನ ಬಾಗಿಲು ತಳ್ಳಿದ. ಅದು ಎಳೆಯಬೇಕಾದ ಬಾಗಿಲು. ಎಳೆದು ಹೊರಬಿದ್ದ.

ಗೋಲ್ಡಾವ್‌ಗೆ ಹೋಗುವ ರೈಲಿನಲ್ಲಿ ಸರೋವರದ ಕಡೆಯ ಕಿಟಕಿಗೆ ಕೂತಿದ್ದರೂ ಸರೋವರ ಕಾಣಲಿಲ್ಲ. ಫೋನನ್ನು ತೆರೆದ, ಮುಚ್ಚಿದ. ಜೊತೆಗೆ ಒಂದು ಮಾತೂ ಇರಲಿಲ್ಲ. ಬರೀ ವಾಪಸು. ಮಡ್ಲೈನಾ ಅಲ್ಲದೆ ಇನ್ಯಾರಿಗೂ ಸಾಧ್ಯವಿಲ್ಲ. ಅಂದರೆ ಬಾಗಿಲು ಮುಚ್ಚಿರಲಿಲ್ಲ. ತಾನು ಪ್ರತಿ ತಿಂಗಳು ತಟ್ಟುವಾಗ ಬಾಗಿಲಿನಾಚೆ ಒಬ್ಬಳು ಕೂತು ಕೇಳಿಸಿಕೊಳ್ಳುತ್ತಿದ್ದಳು. ನಡುವಿನ ವಾಲ್ಖ್‌ವೀಲ್ ಸ್ಟೇಷನ್ನಿನಲ್ಲಿ ಇಬ್ಬರು ಮುದುಕಿಯರು ಹತ್ತಿ ಅವನ ಎದುರಿಗೆ ಕೂತು, ಯಾರದೋ ಮಂಡಿಯ ಆಪರೇಷನ್ನಿನ ಬಗ್ಗೆ ಮಾತಾಡುತ್ತ, ನಡುವೆ ಅವನತ್ತ ಒಮ್ಮೆ ನೋಡಿ ಮಾತು ತಗ್ಗಿಸಿದರು. ತಾನು ಅಳುತ್ತಿದ್ದೇನೆಯೇ ಎಂದು ಕೆನ್ನೆ ಮುಟ್ಟಿ ನೋಡಿಕೊಂಡ. ಒಣಗಿತ್ತು. ಫ್ಲೂರಿನ್ ಇದ್ದಾಗ ಈ ರೈಲು ಹತ್ತಲು ಒಂದು ಮಧ್ಯಾಹ್ನ ಬಿಡುವಾಗಲಿಲ್ಲ. ಅವನು ವಾಪಸು ಕಳಿಸಿದ ಮೇಲೆ ಬಿಡುವಾಯಿತು. ಅವನು ಕಳಿಸಿದ್ದಲ್ಲ ಎಂದು ಮತ್ತೆ ನೆನಪಿಸಿಕೊಂಡ. ಪರದೆಯ ಮೇಲೆ ಆ ಸಾಲು ಕಂಡ ಕ್ಷಣ, ಒಂದೇ ಒಂದು ಕ್ಷಣ, ಫ್ಲೂರಿನ್ ಬದುಕಿದ್ದಾನೆ ಅನ್ನಿಸಿ ತನಗಾದದ್ದು ಸಂತೋಷವಲ್ಲ, ಸಿಕ್ಕಿಬಿದ್ದ ಭಯ ಎಂಬುದು ಈಗ ನಿಧಾನವಾಗಿ ತಿಳಿಯುತ್ತಿತ್ತು. ತಿಳಿಯದಿದ್ದರೆ ಚೆನ್ನಾಗಿತ್ತು.

ಗೋಲ್ಡಾವ್ ಸ್ಟೇಷನ್ನಿನ ಎದುರಿನ ದಂತವೈದ್ಯರ ಚಿಕಿತ್ಸಾಲಯದಲ್ಲಿ ಮಡ್ಲೈನಾ ಕೆಲಸ ಮಾಡುತ್ತಾಳೆ ಎಂಬುದು ಅವನಿಗೆ ಫ್ಲೂರಿನನ ಹಲ್ಲಿನಿಂದ ಗೊತ್ತಿತ್ತು. ಅಕ್ಕ ನನ್ನ ಹಲ್ಲು ನೋಡಿಯೇ ನನ್ನ ಸಿಗರೇಟು ಎಣಿಸುತ್ತಾಳೆ ಎಂದು ಅವನು ಗೊಣಗುತ್ತಿದ್ದ. ಒಳಗೆ ಲವಂಗದೆಣ್ಣೆಯ ವಾಸನೆ. ಹೆಸರು ಹೇಳಿ ಕಾದ. ಬಿಳಿಯ ಅಂಗಿಯ ಮೇಲೆ ಸ್ವೆಟರು ಹಾಕಿಕೊಂಡು ಮಡ್ಲೈನಾ ಹೊರಗೆ ಬಂದಳು. ಕೂದಲು ನರೆತಿತ್ತು; ಮೂಗು ಫ್ಲೂರಿನನದೇ. ಅವನನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ. ತಲೆಯಾಡಿಸಿ ಹಿಂಬಾಗಿಲಿನ ಕಡೆ ನಡೆದಳು. ಅಲ್ಲಿ ಸೈಕಲ್ಲು ನಿಲ್ಲಿಸುವ ಮಾಡಿನ ಕೆಳಗೆ ಇಬ್ಬರೂ ನಿಂತರು.

"ಬಂತಾ ದುಡ್ಡು?" ಅಂದಳು.

"ಬಂತು."

"ಸರಿಯಾಗಿದೆಯಾ?"

"ಇದೆ." ಕಾಸ್ಪರ್ ಕೋಟಿನ ಕಾಲರು ಎತ್ತಿಕೊಂಡ. "ನಿಮ್ಮ ಹತ್ರ... ಅವನ ಗುಟ್ಟಿನ ಪದಗಳು ಯಾರಿಗೂ ಗೊತ್ತಿಲ್ಲ ಅಂದಿದ್ದ."

"ಪದ ಗಿದ ನಂಗೊತ್ತಿಲ್ಲ. ಅವನ ಫೋನಿದೆ. ಅದನ್ನ ತೆರೆಯೋ ನಂಬರು, ಅವನ ಸೈಕಲ್ ಬೀಗಕ್ಕೆ ಹತ್ತು ವರ್ಷದೋನಿದ್ದಾಗ ಯಾವುದಿತ್ತೋ ಅದೇ. ದೊಡ್ಡ ಬುದ್ಧಿವಂತ ಅಂದ್ಕೊಂಡಿದ್ದ." ಅವಳು ನಗಲಿಲ್ಲ. "ಚಾರ್ಜು ಹಾಕಿಟ್ಟಿದ್ದೆ. ಯಾಕೆ ಅಂತ ಕೇಳ್ಬೇಡ. ಯಾರಾದ್ರೂ ಫೋನ್ ಮಾಡಿದ್ರೆ, ಇಲ್ಲ ಅಂತ ಹೇಳೋಕೆ ಒಬ್ರು ಇರ್ಬೇಕಲ್ಲ. ಯಾರೂ ಮಾಡ್ಲಿಲ್ಲ. ಒಂದು ತಿಂಗಳಾದ ಮೇಲೆ ಟಿಣ್ ಅಂತು. ನೋಡಿದ್ರೆ, ಕಾಸ್ಪರ್. ನಿನ್ನ ಹೆಸರು ಹಾಕಿಟ್ಕೊಂಡಿದ್ನಲ್ಲ ಅವನು."

"ನಾನು ಅಂತ ಮೊದ್ಲಿಂದ್ಲೂ ಗೊತ್ತಿತ್ತಾ?"

"ಮೊದಲ್ನೇ ದಿನದಿಂದ. ಈ ವಾರ ಬರ್ತಾನೆ ಅಂದ್ಕೊಂಡೆ. ಬರ್ಲಿಲ್ಲ. ಟಿಣ್ ಅಂತು. ಮುಂದಿನ ತಿಂಗಳು ಬರ್ತಾನೆ ಅಂದ್ಕೊಂಡೆ. ಆಮೇಲೆ ಸಿಟ್ಟು ಬಂತು. ಯಾರು ಕೇಳಿದ್ರು ನಿನ್ನ? ಸತ್ತೋನ ಜೇಬಿಗೆ ದುಡ್ಡು ತುರುಕ್ತೀಯಲ್ಲ, ಬದುಕಿರೋಳು ಇಪ್ಪತ್ತು ನಿಮಿಷದ ದೂರದಲ್ಲಿ ಇದ್ದಾಳೆ, ಕದ ತಟ್ಟೋಕೆ ನಿನ್ನ ಕೈಗೇನಾಗಿತ್ತು?" ಅವಳು ಸ್ವೆಟರಿನ ತೋಳನ್ನು ಬೆರಳ ತುದಿಯ ತನಕ ಎಳೆದುಕೊಂಡಳು. "ಆಮೇಲೆ ಸಿಟ್ಟೂ ಹೋಯ್ತು. ಮೊದಲ್ನೇ ತಾರೀಖು ಬಂದ್ರೆ ಫೋನು ಮೇಜಿನ ಮೇಲಿಟ್ಕೊಂಡು ಕೂತ್ಕೊಳ್ಳೋದು. ಟಿಣ್ ಅಂದ್ಮೇಲೆ ಅಡುಗೆಗೆ ಏಳೋದು. ಹಾಗೇ ಅಭ್ಯಾಸ ಆಯ್ತು. ಹೇಳ್ಕೊಳ್ಳೋಕೂ ನಾಚಿಕೆ."

ಕಾಸ್ಪರನ ಒಳಗೆ ಎಂದೋ ಸಿದ್ಧವಾಗಿ ಕೂತಿದ್ದ ಮಾತೊಂದು ಮೇಲೆ ಬಂತು. "ಮಡ್ಲೈನಾ, ಅವತ್ತು ಮಧ್ಯಾಹ್ನ ಅವನು ನಂಗೆ ಫೋನ್ ಮಾಡಿದ್ದ. ನಾನು—"

"ಬೇಡ." ಅವಳು ಕೈ ಎತ್ತಿದಳು. "ಗೊತ್ತು. ಅವನ ಫೋನಲ್ಲಿದೆ. ನಂಗೂ ಮಾಡಿದ್ದ. ನಾನೂ ಕೆಲಸದಲ್ಲಿದ್ದೆ. ಯಾರದೋ ಬಾಯೊಳಗೆ ಕೈ ಇಟ್ಕೊಂಡಿದ್ದೆ. ನಿನ್ನದನ್ನ ನನ್ನ ಮೇಲೆ ಹಾಕ್ಬೇಡ. ನನ್ನ ಹತ್ರ ಜಾಗ ಇಲ್ಲ."

ಇಷ್ಟು ವರ್ಷ ತನ್ನೊಬ್ಬನದೇ ಎಂದು ಕಾಪಾಡಿಕೊಂಡು ಬಂದಿದ್ದ ಅಪರಾಧದಲ್ಲಿ ಇನ್ನೊಬ್ಬರ ಪಾಲಿದೆಯೆಂದು ಕೇಳಿ ಅವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಏನನ್ನೋ ಕಿತ್ತುಕೊಂಡ ಹಾಗಾಯಿತು. ಆ ಅಪರಾಧದ ಜೊತೆ ಅವನು ಒಂದು ಬಗೆಯ ಸಂಸಾರ ಹೂಡಿದ್ದ.

"ಹಾಗಾದ್ರೆ ಇವತ್ತು ಯಾಕೆ ವಾಪಸ್ ಮಾಡಿದ್ರಿ?"

"ನಿನ್ನೆ ಇನ್ಯಾರೋ ಬಂದ್ರು. 'ಒಳಗೆ ಯಾರಾದ್ರೂ ಇದ್ದೀರಾ' ಅಂತೆ." ಅವಳ ದನಿ ಮೊದಲ ಸಲ ನಡುಗಿತು. "ಬಚ್ಚಲಲ್ಲಿದ್ದಾಗ ಯಾರೋ ಕದ ದೂಡಿದ ಹಾಗಾಯ್ತು ನಂಗೆ. ಇಷ್ಟು ದಿನ ನೀನು, ನಾನು, ಅವನು ಅಂತ ಅಂದ್ಕೊಂಡಿದ್ದೆ. ಅದನ್ನ ಯಾರು ಬೇಕಾದ್ರೂ ನೋಡಬಹುದು ಅಂತ ನಂಗೇನು ಗೊತ್ತು? ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಇವತ್ತು ಇಲ್ಲಿ ಕೆಲಸ ಮಾಡೋ ಹುಡುಗಿ ಹತ್ರ ಹೇಗೆ ಕಳಿಸೋದು ಅಂತ ಕೇಳ್ಕೊಂಡು, ನಿಂದು ನಿಂಗೆ ಕಳಿಸಿದೆ. ಅವನದು ಅಲ್ಲೇ ಇದೆ, ಮುಟ್ಟಿಲ್ಲ. ಯಾರು ಅದು, ನಿನ್ನೆ ಬಂದೋನು?"

"ನನ್ನ ಜೊತೆ ಕೆಲಸ ಮಾಡೋನು. ಕೆಟ್ಟವನಲ್ಲ."

"ಕೆಟ್ಟವರೇ ಇಣುಕ್ಬೇಕು ಅಂತ ಎಲ್ಲಿದೆ?"

ಕಾಸ್ಪರನ ಫೋನು ಮೊಳಗಿತು. ರೆಗುಲಾ. ಎತ್ತಲೋ ಬೇಡವೋ ಎಂದು ಅವನು ನಿಂತ. ಎತ್ತದೆ ಬಿಡುವುದು ಈಗ, ಈ ಹೆಂಗಸಿನ ಎದುರು, ಸಾಧ್ಯವೇ ಇರಲಿಲ್ಲ. ಎತ್ತಿದ.

"ಎಲ್ಲಿದ್ದೀಯ? ಚೆನ್ನಾಗಿದ್ದೀಯ ತಾನೇ?" ರೆಗುಲಾಳ ದನಿ ಅವಳದಲ್ಲವೆಂಬಂತೆ ಮೆತ್ತಗಿತ್ತು. "ಸಾಂಡ್ರೋ ಅತ್ತುಬಿಟ್ಟ, ನಂಬ್ತೀಯಾ? ನೋಡು, ನೀನು ಹೋದ್ಮೇಲೆ ಯಾರಿಗೂ ಮಾತಾಡೋಕಾಗ್ಲಿಲ್ಲ. ಅರ್ಧ ಜನ ಹಾಗೆ, ಅರ್ಧ ಜನ ಹೀಗೆ. ನಿನ್ನ ಮಾತಿನ ಹಾಗೆ ಮಾಡೋಣ ಅಂತ ಬಿಟ್ಟಿದ್ದೀವಿ. ಇವತ್ತೇ ಹೇಳ್ಬೇಕು ಅಂತೇನಿಲ್ಲ."

"ಮುಚ್ಚಿಡಿ," ಅಂದ ಕಾಸ್ಪರ್.

"ಏನು?"

"ಬ್ಯಾಲೆನ್ಸು ಯಾರಿಗೂ ಕಾಣೋದು ಬೇಡ. ತೋರಿಸ್ಬೇಕು ಅನ್ನೋರು ತಾವೇ ತೆರೆದು ತೋರಿಸ್ಲಿ. ಸಂಘಗಳು ತೋರಿಸ್ಲಿ. ಮನುಷ್ಯರದು ಮುಚ್ಚಿರ್ಲಿ."

"ಸರಿ," ಅಂದಳು ರೆಗುಲಾ. "ನೀನು ಹೀಗಂತೀಯ ಅಂತ ಅಂದ್ಕೊಂಡಿರ್ಲಿಲ್ಲ."

ಫೋನು ಜೇಬಿಗಿಟ್ಟು ನೋಡಿದರೆ ಮಡ್ಲೈನಾ ಅವನನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ಮೆಚ್ಚುಗೆ ಹುಡುಕಿದ, ಸಿಗಲಿಲ್ಲ.

"ಮುಚ್ಚಿದ್ರೆ ಇನ್ಮೇಲೆ ಯಾರಿಗೂ ಏನೂ ಕಾಣಲ್ವಾ?"

"ನಮ್ಮ ಆ್ಯಪ್ ಬಳಸಿದ್ರೆ ಇಲ್ಲ."

"ಮೊದ್ಲಿಂದ್ಲೂ ಹಾಗೇ ಇದ್ದಿದ್ರೆ, ನಿನ್ನೆ ಆ ಮನುಷ್ಯ ಬರ್ತಿರ್ಲಿಲ್ಲ."

"ಇಲ್ಲ. ಬರ್ತಿರ್ಲಿಲ್ಲ."

"ಇವತ್ತು ನೀನೂ ಬರ್ತಿರ್ಲಿಲ್ಲ," ಅಂದಳು. ದೂರಿನ ಹಾಗಿರಲಿಲ್ಲ ಅದು. ತೂಗಿ ನೋಡಿ ಹೇಳಿದ ಹಾಗಿತ್ತು. ಮುಚ್ಚಿದ್ದರೆ ಅವನು ಸಾಯುವ ತನಕ ತಿಂಗಳು ತಿಂಗಳು ಕಳಿಸುತ್ತಿದ್ದ. ಅವಳು ಮೇಜಿನ ಮೇಲೆ ಫೋನಿಟ್ಟುಕೊಂಡು ಕೂರುತ್ತಿದ್ದಳು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೋ ಅವತ್ತಿಗೆ ನಿಲ್ಲುತ್ತಿತ್ತು. ತೆರೆದಿದ್ದದ್ದಕ್ಕೆ ಅವಳ ನಿದ್ದೆ ಹೋಯಿತು, ಅವನು ಹತ್ತು ಜನರ ಎದುರು ಕೇಕು ಅಗಿಯುತ್ತ ಬೆತ್ತಲಾದ, ಕೊನೆಗೆ ಇಬ್ಬರೂ ಒಂದು ಸೈಕಲ್ ಮಾಡಿನ ಕೆಳಗೆ ಮುಖಾಮುಖಿ ನಿಂತರು. ಯಾವುದು ಸರಿ? ಆಫೀಸಿನಲ್ಲಿ ಹತ್ತು ವರ್ಷ ಮೇಜು ಕುಟ್ಟಿದವನಿಗೆ ಇಲ್ಲಿ ಕುಟ್ಟಲು ಮೇಜಿರಲಿಲ್ಲ. ತಾನು ಈಗ ಹೇಳಿದ ತೀರ್ಮಾನವನ್ನು ಬದಲಿಸುವುದಿಲ್ಲ ಎಂಬುದೊಂದು ಮಾತ್ರ ಗೊತ್ತಿತ್ತು. ಅದು ಸರಿಯೆಂಬ ಧೈರ್ಯದಿಂದಲ್ಲ. ಅವಳ ದನಿ ನಡುಗಿದ್ದನ್ನು ಕೇಳಿದ್ದರಿಂದ.

"ಗೊತ್ತಿಲ್ಲ," ಅಂದ. "ಬರ್ತಿದ್ದೆ ಅಂತ ಸುಳ್ಳು ಹೇಳ್ಲಾರೆ."

ಹಿಂಬಾಗಿಲು ತೆರೆದು ಒಬ್ಬ ಹುಡುಗಿ ತಲೆ ಹೊರಗೆ ಹಾಕಿ, "ಮಡ್ಲೈನಾ, ಆ ಅಜ್ಜ ಕುರ್ಚೀಲಿ ಕೂತಾಯ್ತು, ನೀವೇ ಬೇಕಂತೆ," ಅಂದಳು. ಮಡ್ಲೈನಾ ಸ್ವೆಟರು ಕೊಡವಿಕೊಂಡಳು.

"ಇವತ್ತು ನಂಗೆ ಇವರೇ ಕೊನೆ. ಕಾಯೋದಾದ್ರೆ ಒಳಗೆ ಕೂತ್ಕೋ. ಇಲ್ಲಿ ಚಳಿ. ಹೋಗೋದಾದ್ರೆ ರೈಲಿದೆ."

ಅವನು ಒಳಗೆ ಹೋಗಿ ಕೂತ. ಪತ್ರಿಕೆಗಳು ಹಳೆಯವು. ಕೆನ್ನೆ ಊದಿದ ಒಬ್ಬ ಗಂಡಸು ಎದುರಿಗೆ ಕೂತು ಗೋಡೆ ನೋಡುತ್ತಿದ್ದ. ನೋವಿನಲ್ಲಿರುವವರು ಎಷ್ಟು ಸಭ್ಯರು, ಯಾರನ್ನೂ ನೋಡುವುದಿಲ್ಲ. ಒಳಗಿನಿಂದ ಯಂತ್ರದ ಕಿರುಗುಟ್ಟುವಿಕೆ, ನಡುನಡುವೆ ಮಡ್ಲೈನಾಳ ದನಿ: ಆಯ್ತು, ಆಯ್ತಜ್ಜ, ಇನ್ನೊಂದು ಸ್ವಲ್ಪ. ಆ ಇಡೀ ಹೊತ್ತಿನಲ್ಲಿ ಎದ್ದು ಹೋಗಬೇಕೆಂದು ಅವನಿಗೆ ಅನ್ನಿಸಿತು. ಮುಂದಿನ ರೈಲು, ಅದರ ಮುಂದಿನ ರೈಲು ಬಂದು ಹೋದದ್ದು ಕೇಳಿಸಿತು. ಕೋಟಿನ ಗುಂಡಿಯನ್ನು ಹಾಕಿದ, ಬಿಚ್ಚಿದ. ಅವಳು ಬಂದು ಎದುರು ನಿಂತಾಗ ಹೊರಗೆ ಬೀದಿದೀಪ ಹತ್ತಿತ್ತು.

ಅವಳು ಮುಂದೆ, ಅವನು ಅರ್ಧ ಹೆಜ್ಜೆ ಹಿಂದೆ. ಏರುದಾರಿ. ಮಂಜಿನಲ್ಲಿ ಮನೆಗಳ ಕಿಟಕಿಗಳು 'ಇಲ್ಲಿ ಯಾರೋ ಇದ್ದಾರೆ' ಎನ್ನುವಷ್ಟು ಮಾತ್ರ ಹೊಳೆಯುತ್ತಿದ್ದವು. ಬೇಕರಿಯೊಂದರ ಮುಂದೆ ಅವಳು ನಿಂತು ಬ್ರೆಡ್ಡು ಕೊಂಡಳು. ದುಡ್ಡು ಕೊಡಲು ಅವನು ಕೈ ಹಾಕಿದ್ದನ್ನು ನೋಡಿ, "ಸುಮ್ನಿರು," ಅಂದಳು, ಅಷ್ಟೇ. ಮನೆಯ ಮೆಟ್ಟಿಲು ಹತ್ತಿ ಬಾಗಿಲಿನ ಬೀಗದೊಳಗೆ ಕೀಲಿ ಇಟ್ಟವಳು ತಿರುಗಿಸದೆ ಹಾಗೆಯೇ ನಿಂತಳು. ಅವಳ ಕುತ್ತಿಗೆ ಕೆಂಪಾಗಿದ್ದು ಮೆಟ್ಟಿಲ ದೀಪದಲ್ಲಿ ಕಂಡಿತು. ಈ ಬಾಗಿಲಿನೊಳಗೆ ಬಹಳ ದಿನದಿಂದ ಯಾರೂ ಬಂದಿಲ್ಲ ಎಂಬುದು ಯಾರೂ ಹೇಳದೆಯೇ ಅವನಿಗೆ ತಿಳಿಯಿತು. ಅವನ ಮನೆಯ ಬಾಗಿಲೂ ಅಂಥದ್ದೇ.

"ಎಲ್ಲ ಹಾಗ್ಹಾಗೇ ಬಿದ್ದಿದೆ ಒಳಗೆ," ಅಂದಳು, ಬಾಗಿಲಿಗೆ ಮುಖ ಮಾಡಿಕೊಂಡೇ. "ನೋಡ್ಬೇಡ."

"ಇಲ್ಲ," ಅಂದ ಕಾಸ್ಪರ್.

ಕೀಲಿ ತಿರುಗಿತು. ಅವನು ತಲೆ ತಗ್ಗಿಸಿ, ತನ್ನ ಬೂಟಿನ ಲಾಡಿಯ ಮೇಲೆಯೇ ಕಣ್ಣಿಟ್ಟುಕೊಂಡು, ಅವಳು ದೀಪ ಹಾಕುವುದನ್ನು ಕಾಯುತ್ತ ಹೊಸ್ತಿಲ ಒಳಗೆ ನಿಂತ.